ಸಿಕ್ಕಿದ್ದೇ ಮತ್ತೆ ಸಿಗುವ ಕೆಲಸ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹೊಸ ಔಷಧಿ ಏನಾದ್ರೂ ಸಿಕ್ತಾ?" ಈ ಸಲ ನನ್ನ ಹತ್ತಿರ ಉತ್ತರ ಇತ್ತು. ಸಿಕ್ಕಿದೆ. ನಮ್ಮದೇ ಬೆಟ್ಟದ ಮಣ್ಣಿನಲ್ಲಿ ಸಿಕ್ಕಿದೆ. ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾವನ್ನು ಚೆನ್ನಾಗಿಯೇ ಕೊಲ್ಲುತ್ತದೆ. ತೊಂದರೆ ಒಂದೇ, ಅದು 1942ರಲ್ಲೇ ಅಮೆರಿಕದಲ್ಲಿ ಸಿಕ್ಕಿಬಿಟ್ಟಿದೆ.

ಅದರ ಹೆಸರು ಸ್ಟ್ರೆಪ್ಟೊಥ್ರೈಸಿನ್. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಆಂಟಿಬಯಾಟಿಕ್ ಹುಡುಕುವವರಿಗೆ ಇದು ಪ್ರತಿ ಮದುವೆಮನೆಯಲ್ಲೂ ಎದುರಾಗುವ ದೂರದ ಮಾವನ ಹಾಗೆ, ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ. ಮಣ್ಣಿನಿಂದ ಸುಮ್ನೆ ಕೈಗೆ ಬಂದ ನೂರು ಆಕ್ಟಿನೊಮೈಸೀಟ್‌ಗಳನ್ನು (ಬೂಷ್ಟಿನ ಹಾಗೆ ಎಳೆ ಬಿಟ್ಟು ಬೆಳೆಯುವ ಬ್ಯಾಕ್ಟೀರಿಯಾಗಳನ್ನು) ಎತ್ತಿಕೊಂಡರೆ ಸುಮಾರು ಹತ್ತು ಇದನ್ನೇ ಮಾಡುತ್ತವೆ. ನೂರರಲ್ಲಿ ಒಂದು ಸ್ಟ್ರೆಪ್ಟೊಮೈಸಿನ್ ಮಾಡುತ್ತದೆ. ಡ್ಯಾಪ್ಟೊಮೈಸಿನ್‌ನಂಥ ಅಪರೂಪದ್ದು ಬೇಕು ಅಂದರೆ ಕೋಟಿಯ ಲೆಕ್ಕದಲ್ಲಿ ಸ್ಟ್ರೇನ್ (ಬೇರೆ ಬೇರೆ ತಳಿ) ಜಾಲಾಡಬೇಕು. ಅಷ್ಟು ಪ್ಲೇಟ್ ಹಾಕಲು ನಮ್ಮ ಇಡೀ ವಿಶ್ವವಿದ್ಯಾಲಯದ ಗಾಜಿನ ಸಾಮಾನು ಸಾಲದು.

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವಳು. ಈಗ ಧಾರವಾಡದಲ್ಲಿ ಒಂದು ಪುಟ್ಟ ಲ್ಯಾಬ್ ಇದೆ. ಪಿಎಚ್‌ಡಿ ಮಾಡುವ ಇಬ್ಬರು ಹುಡುಗಿಯರು, ಒಂದು ಶೇಕರ್, ಕರೆಂಟ್ ಹೋದರೆ ಜೀವ ಬಾಯಿಗೆ ಬರಿಸುವ ಒಂದು ಫ್ರೀಜರ್. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲ. ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಬರಬೇಕು.

ಮಣ್ಣು ತರುವುದು ಹೆಚ್ಚಾಗಿ ನಮ್ಮೂರ ಸೊಪ್ಪಿನ ಬೆಟ್ಟಗಳಿಂದ. ಗೊತ್ತಿಲ್ಲದವರಿಗೆ: ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತಂದುಕೊಳ್ಳಲು ಬೆಳೆಗಾರರಿಗೆ ಬಿಟ್ಟುಕೊಟ್ಟ ಕಾಡು ಅದು. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ತಲೆಮಾರುಗಳಿಂದ ಅಲ್ಲಿ ಎಲೆ ಬೀಳುತ್ತಿದೆ, ಗುಡಿಸುತ್ತಿದ್ದಾರೆ, ಮತ್ತೆ ಬೀಳುತ್ತಿದೆ. ದಟ್ಟ ಕಾಡೂ ಅಲ್ಲ, ಬಯಲೂ ಅಲ್ಲ. ಇಂಥ ನಡುವಿನ ಜಾಗದ ಮಣ್ಣು ನನಗೆ ಇಷ್ಟ. ದೇವರಕಾಡಿನ ಮಣ್ಣು, ಗುಹೆಯ ಮಣ್ಣು ಅಂದರೆ ಪ್ರಾಜೆಕ್ಟ್ ಬೇಗ ಪಾಸಾಗುತ್ತದೆ, ನಿಜ. ಆದರೆ ಸ್ಟ್ರೆಪ್ಟೊಮೈಸಿಸ್‌ಗೆ ಆ ಮಡಿಯೆಲ್ಲ ಇಲ್ಲ. (ಆಕ್ಟಿನೊಮೈಸೀಟ್‌ಗಳಲ್ಲಿ ನಾವು ಮುಖ್ಯವಾಗಿ ಹುಡುಕುವ ಕುಲ ಅದು.) ಕೊಳೆಯಲು ಎಲೆ ಇರಬೇಕು, ನಡುವೆ ಒಂದಿಷ್ಟು ಒಣ ದಿನ ಇರಬೇಕು, ಅಷ್ಟೇ.

ಹಾಗಾಗಿ ನಾವು ಹೋಗುವುದು ಬೇಸಿಗೆಯಲ್ಲಿ. ದರಕು ಸರಿಸಿ, ಮೇಲಿನ ಕಪ್ಪು ಪದರ ಬಿಟ್ಟು, ಅರ್ಧ ಗೇಣು ಕೆಳಗಿನ ಮಣ್ಣು ತೆಗೆದು ಕಾಗದದ ಚೀಲಕ್ಕೆ ಹಾಕುತ್ತೇವೆ. ಲ್ಯಾಬಿಗೆ ತಂದು ನೆರಳಲ್ಲಿ ಒಣಗಿಸುತ್ತೇವೆ. ನಮ್ಮ ಕಡೆಯ ಕೆಂಪು ಮಣ್ಣು ಹುಳಿ. ಅದಕ್ಕೆ ಸ್ವಲ್ಪ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ, 55 ಡಿಗ್ರಿ ಓವನ್‌ನಲ್ಲಿ ಇಡುತ್ತೇವೆ. ಬಿಸಿಗೆ, ಒಣಗಿಗೆ ತಡೆಯದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಬೀಜಕ ಕಟ್ಟಿಕೊಂಡು ಕೂತವು ಉಳಿಯುತ್ತವೆ. ನಮಗೆ ಬೇಕಾದ್ದು ಅವೇ.

ಆಮೇಲೆ ನೀರಲ್ಲಿ ಕದಡಿ, ತೆಳು ಮಾಡಿ, ಸ್ಟಾರ್ಚ್ ಕೇಸೀನ್ ಅಗರ್ ಮೇಲೆ ಹರಡುವುದು. ಬೂಷ್ಟು ಬರದಂತೆ ಅಗರ್‌ಗೆ ನಿಸ್ಟಾಟಿನ್ ಹಾಕಿರುತ್ತೇವೆ. ಈ ನಿಸ್ಟಾಟಿನ್ ಕೂಡ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದಲೇ ಬಂದದ್ದು. ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಅಂತ ಇಬ್ಬರು ಹೆಂಗಸರು 1950ರಲ್ಲಿ ಅದನ್ನು ಲೋಕಕ್ಕೆ ತೋರಿಸಿದರು.

ಮೊದಲ ಮೂರು ದಿನ ಪ್ಲೇಟ್ ನೋಡಲೇಬಾರದು. ಎಷ್ಟೇ ಬಿಸಿ ಮಾಡಿದರೂ ಬ್ಯಾಸಿಲಸ್‌ಗಳು ಉಳಿದುಕೊಂಡಿರುತ್ತವೆ, ಆ ದಿನಗಳಲ್ಲಿ ಅವುಗಳದ್ದೇ ದರ್ಬಾರು. ಒದ್ದೆ ಒದ್ದೆಯಾಗಿ ಹರಡಿ ಕೂತಿರುತ್ತವೆ. ವಾರದ ಹೊತ್ತಿಗೆ ಸಂದಿಯಲ್ಲಿ ಸಣ್ಣ ಗಟ್ಟಿ ಚುಕ್ಕೆಗಳು ಏಳುತ್ತವೆ. ಅಗರ್ ಕಚ್ಚಿಕೊಂಡಿರುತ್ತವೆ. ಲೂಪ್‌ನಿಂದ ಕೆರೆದರೆ ಬರುವುದಿಲ್ಲ, ಅಗರ್ ಸಮೇತ ಕಿತ್ತು ಬರುತ್ತವೆ. ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು: ಸಲೀಸಾಗಿ ಬಂತು ಅಂದರೆ ಅದು ನಿಮ್ಮದಲ್ಲ, ಬಿಡಿ. ಇನ್ನೆರಡು ದಿನಕ್ಕೆ ಮೇಲೆ ಬಿಳಿ ಪುಡಿ, ಆಮೇಲೆ ಬೂದು. ಕೆಲವಕ್ಕೆ ಅಡಿಯಲ್ಲಿ ಅಗರ್‌ಗೆ ಬಣ್ಣ ಇಳಿಯುತ್ತದೆ. ಕಂದು ಜಾಸ್ತಿ, ಹಳದಿ ಆಗಾಗ, ಕೆಂಪು ಅಪರೂಪ. ಅದೃಷ್ಟ ಇದ್ದರೆ ಕಾಲೊನಿಯ ನೆತ್ತಿಯ ಮೇಲೆ ಗುಂಡುಸೂಜಿ ತಲೆಯಷ್ಟು ಬಣ್ಣದ ಹನಿ ನಿಂತಿರುತ್ತದೆ. ಹುಡುಗಿಯರು ಮೊಬೈಲ್ ತೆಗೆಯುವುದು ಆವಾಗ. ಮುಚ್ಚಳ ತೆಗೆದರೆ ಮಣ್ಣಿನ ವಾಸನೆ. ಅದು ಜಿಯೋಸ್ಮಿನ್. ಎಲ್ಲರಿಗೂ ಗೊತ್ತಿರುವ ವಿಷಯ, ಆದರೆ ಅದನ್ನು ಯಾಕೆ ಮಾಡುತ್ತವೆ ಎಂಬುದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಈಚೆಗೆ. ಬೀಜಕ ಕಟ್ಟುವ ಹೊತ್ತಿಗೇ ಈ ವಾಸನೆ ಹುಟ್ಟುತ್ತದೆ. ಸ್ಪ್ರಿಂಗ್‌ಟೈಲ್ ಎಂಬ ಜಿಗಿಯುವ ಪುಟಾಣಿ ಹುಳಗಳು ವಾಸನೆ ಹಿಡಿದು ಬಂದು ಮೇಯುತ್ತವೆ, ಬೀಜಕಗಳನ್ನು ಮೈಗೆ ಅಂಟಿಸಿಕೊಂಡು ಬೇರೆ ಕಡೆ ಒಯ್ಯುತ್ತವೆ. 2020ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಅಂದರೆ ಆ ವಾಸನೆ ಇರುವುದು ನಮಗಾಗಿ ಅಲ್ಲ, ಹುಳಕ್ಕಾಗಿ.

ಆಂಟಿಬಯಾಟಿಕ್ ಹುಟ್ಟುವುದೂ ಸುಮಾರು ಇದೇ ಹೊತ್ತಿಗೆ. ತಿನ್ನಲು ಇರುವವರೆಗೆ ಸ್ಟ್ರೆಪ್ಟೊಮೈಸಿಸ್ ಮಣ್ಣೊಳಗೆ ಎಳೆ ಬಿಟ್ಟುಕೊಂಡು ಬೆಳೆಯುತ್ತಾ ಹೋಗುತ್ತದೆ. ತಿಂಡಿ ಮುಗಿಯಿತು ಅಂದಾಗ ಹಳೆಯ ಎಳೆಗಳು ತಾವೇ ಸತ್ತು ಕರಗುತ್ತವೆ. ಆ ಸಾರ ಹೀರಿಕೊಂಡು ಮೇಲಿನ ಎಳೆ ಏಳಬೇಕು, ಬೀಜಕ ಕಟ್ಟಬೇಕು. ಹೀಗೆ ಕರಗಿದ ಸಾರ ಚೆಲ್ಲಿಕೊಂಡಿದ್ದರೆ ಅಕ್ಕಪಕ್ಕದವರು ಬಿಡುತ್ತಾರಾ? ಅವರನ್ನು ದೂರ ಇಡಲು ಆಗಲೇ ವಿಷ ಬಿಡುತ್ತದೆ ಅನ್ನುವುದು ಬಹಳ ಜನ ಒಪ್ಪುವ ವಿವರಣೆ. ಇಷ್ಟು ಸಣ್ಣ ಪ್ರಮಾಣದಲ್ಲಿ ಅದು ವಿಷ ಅಲ್ಲ, ಮಾತುಕತೆ ಅನ್ನುವವರೂ ಇದ್ದಾರೆ. ನನಗೆ ಎರಡೂ ಸರಿ ಅನ್ನಿಸುತ್ತದೆ. ಬೇಲಿ ಜಗಳವೂ ಒಂದು ಥರ ಮಾತುಕತೆಯೇ ಅಲ್ವಾ.

ಈಗ ನಮ್ಮ ಎಸ್‌ಬಿ-7ರ ಕತೆಗೆ ಬರುತ್ತೇನೆ. ಎಸ್‌ಬಿ ಅಂದರೆ ಸೊಪ್ಪಿನ ಬೆಟ್ಟ. ಸಾಧಾರಣವಾಗಿ ನಮ್ಮ ಸ್ಟ್ರೇನ್‌ಗಳು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಮೇಲೆ ಝೋನ್ (ಬ್ಯಾಕ್ಟೀರಿಯಾ ಬೆಳೆಯದೆ ತೆರವಾಗಿ ಉಳಿದ ವೃತ್ತ) ಕೊಡುತ್ತವೆ, ಇ. ಕೊಲೈ ಮೇಲೆ ಏನೂ ಇಲ್ಲ. ಇ. ಕೊಲೈಯಂಥ ಗ್ರಾಂ ನೆಗೆಟಿವ್ ಜಾತಿಗೆ ಹೊರಗೆ ಇನ್ನೊಂದು ಪೊರೆ ಇದೆ, ಹೆಚ್ಚಿನ ಔಷಧಿಗಳು ಅಲ್ಲೇ ತಡೆದು ನಿಲ್ಲುತ್ತವೆ. ಎಸ್‌ಬಿ-7 ಮಾತ್ರ ಪ್ಲೇಟ್ ತುಂಬ ಹುಲ್ಲುಹಾಸಿನಂತೆ ಬೆಳೆದ ಇ. ಕೊಲೈ ನಡುವೆ ಒಳ್ಳೆ ಅಗಲದ, ಅಂಚು ಸ್ಪಷ್ಟವಾಗಿರುವ ಝೋನ್ ಬಿಟ್ಟಿತ್ತು. ಹುಡುಗಿಯರಿಗೆ ಕುಣಿಯುವಷ್ಟು ಖುಷಿ.

ಫ್ಲಾಸ್ಕ್‌ನಲ್ಲಿ ಬೆಳೆಸಿ, ಸೋಸಿ, ಈಥೈಲ್ ಅಸಿಟೇಟ್ ಹಾಕಿ ಕುಲುಕಿದೆವು. ಸಾಮಾನ್ಯವಾಗಿ ಕೆಲಸದ ವಸ್ತು ಮೇಲಿನ ಪದರಕ್ಕೆ ಬರುತ್ತದೆ. ಇಲ್ಲಿ ಬರಲಿಲ್ಲ. ಮೇಲಿನದನ್ನು ಡಿಸ್ಕ್‌ಗೆ ಹಾಕಿದರೆ ಝೋನ್ ಇಲ್ಲ, ಕೆಳಗಿನ ನೀರಿಗೆ ಮಾತ್ರ ಇದೆ. ನನಗೆ ಅನುಮಾನ ಬಂದದ್ದು ಅಲ್ಲೇ. ನೀರು ಬಿಟ್ಟು ಕದಲದ, ಇ. ಕೊಲೈಯನ್ನೂ ಬಿಡದ ವಸ್ತು ಅಂದರೆ ಯಾರಿರಬಹುದು ಅಂತ ಊಹಿಸುವುದು ಕಷ್ಟ ಅಲ್ಲ. ಬೆಂಗಳೂರಿನಿಂದ ಮಾಸ್ ಸ್ಪೆಕ್ಟ್ರಮ್ ಬಂತು. 503ರಲ್ಲಿ ಒಂದು ಪೀಕ್, 631ರಲ್ಲಿ ಇನ್ನೊಂದು, 759ರಲ್ಲಿ ಮತ್ತೊಂದು. ನಡುವಿನ ಅಂತರ ಪ್ರತಿ ಸಲ 128. ಬೀಟಾ ಲೈಸಿನ್ ಎಂಬ ಒಂದೊಂದು ತುಂಡು ಸೇರುತ್ತಾ ಹೋದರೆ ಬರುವ ಅಂತರ ಅದು. ಸ್ಟ್ರೆಪ್ಟೊಥ್ರೈಸಿನ್ ಎಫ್, ಇ, ಡಿ. ಮೂವರೂ ಸಾಲಾಗಿ ಹಾಜರು.

ಇದರಲ್ಲಿ ನಗು ಬರುವ ವಿಷಯ ಏನು ಗೊತ್ತಾ? ಇದೇ ವಸ್ತುಗಳ ಮಿಶ್ರಣ ನೋರ್ಸಿಯೊಥ್ರೈಸಿನ್ ಎಂಬ ಹೆಸರಲ್ಲಿ ನಮ್ಮ ಫ್ರಿಜ್‌ನಲ್ಲೇ ಇದೆ. ಜೀನ್ ಸೇರಿಸಿದ ಯೀಸ್ಟ್ ಆರಿಸಲು ಅದನ್ನು ದುಬಾರಿ ಬೆಲೆ ಕೊಟ್ಟು ತರಿಸುತ್ತೇವೆ. ಊರಲ್ಲಿ ಪುಕ್ಕಟೆ ಬಿದ್ದಿದೆ.

1940ರ ದಶಕದಲ್ಲಿ ಈ ಹುಡುಕಾಟ ಶುರುಮಾಡಿದವರು ಅಮೆರಿಕದ ರಟ್ಗರ್ಸ್‌ನಲ್ಲಿದ್ದ ಸೆಲ್ಮನ್ ವಾಕ್ಸ್‌ಮನ್. ಮೂಲತಃ ಮಣ್ಣಿನ ವಿಜ್ಞಾನಿ, ವೈದ್ಯರಲ್ಲ. 1940ರಲ್ಲಿ ಅವರ ಲ್ಯಾಬಿಗೆ ಆಕ್ಟಿನೊಮೈಸಿನ್ ಸಿಕ್ಕಿತು, ವಿಪರೀತ ವಿಷ. 1942ರಲ್ಲಿ ಸ್ಟ್ರೆಪ್ಟೊಥ್ರೈಸಿನ್ ಸಿಕ್ಕಿತು. ಎಲ್ಲರಿಗೂ ಆಸೆ ಹುಟ್ಟಿತು, ಆದರೆ ಅದು ಕಿಡ್ನಿ ಹಾಳುಮಾಡುತ್ತದೆ ಅಂತ ತಿಳಿದು ಪಕ್ಕಕ್ಕಿಟ್ಟರು. 1943ರಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ 23 ವರ್ಷದ ವಿದ್ಯಾರ್ಥಿಗೆ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಒಂದು ಸ್ಟ್ರೇನ್ ಗೊಬ್ಬರ ಹಾಕಿದ ಹೊಲದ ಮಣ್ಣಿನದ್ದು, ಇನ್ನೊಂದು ಕೋಳಿಯ ಗಂಟಲಿನದ್ದು. ಕ್ಷಯದ ಬ್ಯಾಕ್ಟೀರಿಯಾ ಜೊತೆ ಕೆಲಸ ಅಂತ ಆತನನ್ನು ನೆಲಮಾಳಿಗೆಯ ಲ್ಯಾಬಿಗೆ ಕಳಿಸಿದ್ದರು. ಕ್ಷಯಕ್ಕೆ ಕೊನೆಗೂ ಒಂದು ಮದ್ದು ಬಂತು. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಅದಕ್ಕೂ ಮೊದಲೇ ಶಾಟ್ಸ್ ಕೋರ್ಟಿಗೆ ಹೋಗಿ, ಕಂಡುಹಿಡಿದದ್ದರಲ್ಲಿ ತನಗೂ ಪಾಲಿದೆ ಅಂತ ಒಪ್ಪಿಸಿಕೊಂಡಿದ್ದರು. ಆ ಮೊದಲ ಪ್ರಬಂಧದಲ್ಲಿ ಎಲಿಜಬೆತ್ ಬ್ಯೂಗಿ ಎಂಬ ಹೆಣ್ಣುಮಗಳ ಹೆಸರೂ ಇದೆ. ಆಕೆಯ ಹೆಸರು ಪಾಠಪುಸ್ತಕದಲ್ಲಿ ನೀವು ಓದಿದ್ದೀರಾ? ನಾನು ಓದಿರಲಿಲ್ಲ.

ಆಮೇಲಿನದ್ದು ಮಣ್ಣಿನ ಜಾತ್ರೆ. ಔಷಧಿ ಕಂಪನಿಗಳು ಲೋಕದ ಮೂಲೆ ಮೂಲೆಯಿಂದ ಮಣ್ಣು ತರಿಸಿಕೊಂಡವು. ಫಿಲಿಪ್ಪೀನ್ಸ್‌ನ ಇಲೊಯ್ಲೊದಿಂದ ಅಬೆಲಾರ್ಡೊ ಅಗಿಲಾರ್ ಎಂಬ ವೈದ್ಯರು ಕಳಿಸಿದ ಮಣ್ಣಿನಿಂದ ಎರಿತ್ರೊಮೈಸಿನ್ ಬಂತು. ಬೋರ್ನಿಯೋ ಕಾಡಿನಿಂದ ಒಬ್ಬ ಪಾದ್ರಿ ಕಳಿಸಿದ್ದರಿಂದ ವ್ಯಾಂಕೊಮೈಸಿನ್. ನಮ್ಮ ದೇಶವೂ ಸುಮ್ಮನೆ ಕೂರಲಿಲ್ಲ. ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಶುರುವಾದದ್ದು 1954ರಲ್ಲಿ. ಅಲ್ಲಿ ಸಂಶೋಧನೆ ನೋಡಿಕೊಂಡವರು ನಮ್ಮ ಎಂ. ಜೆ. ತಿರುಮಲಾಚಾರ್. ಕರ್ನಾಟಕದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದವರು. ಪಿಂಪ್ರಿಯ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದಲೇ ಅವರ ತಂಡ ಬೂಷ್ಟಿನ ಸೋಂಕಿಗೆ ಹ್ಯಾಮೈಸಿನ್ ತೆಗೆಯಿತು. ಬೆಳೆಗಳ ರೋಗಕ್ಕೆ ಆರಿಯೊಫಂಗಿನ್ ಕೂಡ ಅವರದ್ದೇ. ಇಂಥವರ ಬಗ್ಗೆ ನಮ್ಮ ಎಂಎಸ್ಸಿ ಪಠ್ಯದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ಸಿಟ್ಟು ತರಿಸುತ್ತದೆ.

ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದರೆ ಒಂದೇ ಮಾತು: "ಕೊಳೆಗೆ ಎಂತಾರು ಸಿಗ್ತಾ ನೋಡೆ ಕೂಸೆ." ಕೊಳೆ ಅಂದರೆ ಅಡಿಕೆಯ ಕೊಳೆರೋಗ. ಮಳೆಗಾಲ ಬಂತು ಅಂದರೆ ಮೈಲುತುತ್ತ, ಸುಣ್ಣ ಕಲಸಿ ಅಡಿಕೆ ಕೊನೆಗೆ ಹೊಡೆಸುವುದರಲ್ಲೇ ಅವರ ಜೀವ ಹಣ್ಣಾಗುತ್ತದೆ. ನೋಡಿದ್ದೇನೆ. ಆದರೆ ಹ್ಯಾಮೈಸಿನ್ ಜಾತಿಯವು ಕೊಳೆಗೆ ಆಗಿಬರುವುದಿಲ್ಲ. ಅವು ಬೂಷ್ಟಿನ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಹಿಡಿದು ಕೊಲ್ಲುತ್ತವೆ. ಕೊಳೆ ತರುವ ಫೈಟಾಫ್ತೊರಾ ನಿಜವಾದ ಬೂಷ್ಟೇ ಅಲ್ಲ, ಅದು ಎರ್ಗೊಸ್ಟೆರಾಲ್ ಮಾಡುವುದಿಲ್ಲ. ಎಷ್ಟರ ಮಟ್ಟಿಗೆ ಅಂದರೆ, ಕೊಳೆತ ಅಡಿಕೆಯಿಂದ ಫೈಟಾಫ್ತೊರಾ ಬೇರ್ಪಡಿಸಬೇಕಾದರೆ ಅದೇ ಜಾತಿಯ ಪಿಮಾರಿಸಿನ್ ಅನ್ನು ನಾವೇ ಅಗರ್‌ಗೆ ಹಾಕುತ್ತೇವೆ. ಉಳಿದ ಬೂಷ್ಟೆಲ್ಲ ಸಾಯುತ್ತದೆ, ಇದು ಆರಾಮಾಗಿ ಬೆಳೆಯುತ್ತದೆ. ಅಪ್ಪಯ್ಯ ಇದನ್ನು ಪೂರ್ತಿ ಕೇಳಿ, "ಹಂಗಾರೆ ಮೈಲುತುತ್ತನೇ ಸೈ" ಅಂದು ಎದ್ದು ಹೋದರು.

1960ರ ದಶಕ ದಾಟುವಷ್ಟರಲ್ಲಿ ಸುಲಭಕ್ಕೆ ಸಿಗುವುದೆಲ್ಲ ಸಿಕ್ಕಾಗಿತ್ತು. ಹೊಸ ಮಣ್ಣು ತಂದರೂ ಹಳೆಯ ಔಷಧಿಯೇ. ಆದ್ದರಿಂದ ಈಗ ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಕುವುದಲ್ಲ, ಗುರುತು ಹಿಡಿಯುವುದು. ಇದು ಯಾರು, ಮೊದಲೇ ಗೊತ್ತಿರುವವರಾ, ಎಷ್ಟು ಬೇಗ ಗೊತ್ತಾದರೆ ಅಷ್ಟು ದುಡ್ಡು ಉಳಿಯಿತು.

ಇಲ್ಲಿ ಒಂದು ಮಾತು ಖಡಕ್ಕಾಗಿಯೇ ಹೇಳಬೇಕು. ನಮ್ಮ ಕಡೆ ಬರುವ ಥೀಸಿಸ್‌ಗಳಲ್ಲಿ ಬಹಳಷ್ಟು ಝೋನ್‌ಗೇ ನಿಲ್ಲುತ್ತವೆ. ಮಣ್ಣು ತಂದರು, ಸ್ಟ್ರೇನ್ ತೆಗೆದರು, ಇಷ್ಟು ಮಿಲಿಮೀಟರ್ ಝೋನ್ ಬಂತು, ಜಾತಿ ಗುರುತಿಸುವ 16ಎಸ್ ಜೀನ್ ಸೀಕ್ವೆನ್ಸ್ ಮಾಡಿಸಿದರು, ಮುಗಿಯಿತು. ಕೊಲ್ಲುತ್ತಿರುವ ವಸ್ತು ಯಾವುದು ಅಂತ ಯಾರೂ ಕೇಳುವುದಿಲ್ಲ. ಮರುದಿನ ಪೇಪರಿನಲ್ಲಿ "ಮಲೆನಾಡಿನ ಮಣ್ಣಲ್ಲಿ ಮಾರಕ ರೋಗಕ್ಕೆ ಮದ್ದು". ಡೆಟಾಲ್ ಹಾಕಿದರೂ ಝೋನ್ ಬರುತ್ತದೆ ಸ್ವಾಮಿ. ಹುಡುಗರದ್ದು ತಪ್ಪಲ್ಲ, ಮಾಸ್ ಸ್ಪೆಕ್‌ಗೆ ಕೊಡಲು ಅವರ ಹತ್ತಿರ ಕಾಸಿಲ್ಲ. ಗೈಡ್ ಆದವರು ಇನ್ನೊಂದು ಹೆಜ್ಜೆ ಮುಂದೆ ಹೋಗುವವರೆಗೆ ಸಹಿ ಹಾಕಬಾರದು ಅಷ್ಟೇ.

ಹಾಗಾದರೆ ಮಣ್ಣು ಖಾಲಿಯಾಯಿತಾ? ಇಲ್ಲ. 2002ರಲ್ಲಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್‌ನ ಪೂರ್ತಿ ಜೀನೋಮ್ ಓದಿದರು. ದಶಕಗಳಿಂದ ಡೇವಿಡ್ ಹಾಪ್‌ವುಡ್ ಮತ್ತು ಅವರ ಸಂಗಡಿಗರು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದ ಜೀವಿ ಅದು. ಅದು ಮಾಡುವ ವಸ್ತುಗಳು ಕೆಲವೇ ಕೆಲವು ಅಂದುಕೊಂಡಿದ್ದರು. ಓದಿ ನೋಡಿದರೆ ಇಂಥ ವಸ್ತುಗಳನ್ನು ಕಟ್ಟುವ ಜೀನ್ ಗುಂಪುಗಳು 20ಕ್ಕಿಂತ ಹೆಚ್ಚು. ಉಳಿದವು ಲ್ಯಾಬಿನ ಊಟದಲ್ಲಿ ಬಾಯಿ ಬಿಡುವುದೇ ಇಲ್ಲ. ಇನ್ನು ಪ್ಲೇಟ್ ಮೇಲೆ ಬೆಳೆಯಲೇ ಒಪ್ಪದ ಬ್ಯಾಕ್ಟೀರಿಯಾಗಳದ್ದು ಬೇರೆಯೇ ಲೋಕ. ಅಮೆರಿಕದ ಮೇನ್ ರಾಜ್ಯದ ಒಂದು ಹುಲ್ಲುಗಾವಲಿನ ಮಣ್ಣಿನ ಅಂಥದ್ದೊಂದನ್ನು ಮಣ್ಣೊಳಗೇ ಸಣ್ಣ ಸಣ್ಣ ಗೂಡುಗಳಲ್ಲಿ ಬೆಳೆಸಿ ಟೀಕ್ಸೊಬ್ಯಾಕ್ಟಿನ್ ತೆಗೆದರು. ಅದು 2015ರ ಸುದ್ದಿ.

ಎಸ್‌ಬಿ-7ರ ಜೀನೋಮ್ ಓದಿಸಿದ್ದೇವೆ. ಸ್ಟ್ರೆಪ್ಟೊಥ್ರೈಸಿನ್ ಗುಂಪು ಇದ್ದಲ್ಲೇ ಇದೆ. ಜೊತೆಗೆ ಯಾವುದಕ್ಕೂ ಹೋಲಿಕೆ ಇಲ್ಲದ ಎರಡು ಗುಂಪುಗಳಿವೆ. ಅವನ್ನು ಎಬ್ಬಿಸಲು ಬೇರೆ ಬ್ಯಾಕ್ಟೀರಿಯಾ ಜೊತೆ ಒಂದೇ ಫ್ಲಾಸ್ಕ್‌ನಲ್ಲಿ ಬೆಳೆಸಿ ನೋಡುತ್ತಿದ್ದೇವೆ. ಎದುರಾಳಿ ಇದ್ದಾಗಷ್ಟೇ ಕೆಲವು ಜೀನ್‌ಗಳು ಏಳುತ್ತವೆ. ಇಲ್ಲಿಯವರೆಗೆ ಬಂದದ್ದು ಒಂದು ಮಂಕು ಕೆಂಪು ಬಣ್ಣ ಮಾತ್ರ. ಅದು ಏನನ್ನೂ ಕೊಲ್ಲುವುದಿಲ್ಲ. ಹಾಗಂತ ಎಸೆಯುವುದಿಲ್ಲ. ಈಸ್ಟರ್ ದ್ವೀಪದಿಂದ 1964ರಲ್ಲಿ ತಂದ ಮಣ್ಣಿನಿಂದ ರಾಪಾಮೈಸಿನ್ ಬಂದಾಗ ಅದು ಬರೀ ಬೂಷ್ಟಿನ ಔಷಧಿ ಅಂದುಕೊಂಡಿದ್ದರು. ಕಂಪನಿ ಕೆಲಸ ನಿಲ್ಲಿಸಿದಾಗ ಸುರೇನ್ ಸೆಹಗಲ್ ಎಂಬ ನಮ್ಮ ದೇಶ ಮೂಲದ ವಿಜ್ಞಾನಿ ಅದರ ಸ್ಟ್ರೇನನ್ನು ಮನೆಯ ಫ್ರೀಜರಿನಲ್ಲಿ ಇಟ್ಟುಕೊಂಡಿದ್ದರು. 1999ರಲ್ಲಿ ಅದೇ ವಸ್ತು ಕಿಡ್ನಿ ಕಸಿ ಮಾಡಿಸಿಕೊಂಡವರ ಮಾತ್ರೆಯಾಗಿ ಬಂತು.

ಮತ್ತೆ, ಎಲ್ಲರೂ ಮೂಲೆಗೆ ಸರಿಸಿದ್ದ ಸ್ಟ್ರೆಪ್ಟೊಥ್ರೈಸಿನ್ ಕೂಡ ತಿರುಗಿ ಬಂದಿದೆ. 2016ರಲ್ಲಿ ಅಮೆರಿಕದ ನೆವಾಡಾದಲ್ಲಿ 70 ದಾಟಿದ ಒಬ್ಬ ಹೆಂಗಸು ಸೋಂಕಿನಿಂದ ತೀರಿಕೊಂಡರು. ಭಾರತದಲ್ಲಿದ್ದಾಗ ತೊಡೆಯ ಮೂಳೆ ಮುರಿದು ಇಲ್ಲಿ ಆಸ್ಪತ್ರೆ ಸೇರಿದ್ದವರು. ಅವರ ಮೈಯಲ್ಲಿದ್ದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಅಲ್ಲಿದ್ದ 26 ಆಂಟಿಬಯಾಟಿಕ್‌ಗಳಿಗೂ ಬಗ್ಗಲಿಲ್ಲ. 2023ರಲ್ಲಿ ಬಾಸ್ಟನ್ನಿನ ಜೇಮ್ಸ್ ಕರ್ಬಿ ತಂಡ ಶುದ್ಧ ಮಾಡಿದ ಸ್ಟ್ರೆಪ್ಟೊಥ್ರೈಸಿನ್ ಎಫ್ ಅನ್ನು ನೆವಾಡಾದ ಆ ಬ್ಯಾಕ್ಟೀರಿಯಾ ಮೇಲೇ ಇಲಿಗಳಲ್ಲಿ ಪರೀಕ್ಷಿಸಿತು. ಕೆಲಸ ಮಾಡಿತು. ಎಫ್ ಒಂದನ್ನೇ ಬೇರ್ಪಡಿಸಿದರೆ ವಿಷ ಕಡಿಮೆ. ಮನುಷ್ಯರಿಗೆ ಬರಲು ಇನ್ನೂ ಬಹಳ ದಾರಿ ಇದೆ. ಆದರೂ ನಾನು ಈಗ ಒಬ್ಬ ಹುಡುಗಿಗೆ 503ರ ಪೀಕ್ ಮಾತ್ರ ಹೆಚ್ಚಿಸಿ, 631 ಮತ್ತು 759 ಇಳಿಸುವ ಊಟ ಯಾವುದು ನೋಡು ಅಂತ ಕೆಲಸ ಕೊಟ್ಟಿದ್ದೇನೆ. ಹೊಸದು ಸಿಕ್ಕಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡಿದ್ದವಳು ಅವಳೇ.

ಬೆಟ್ಟದ ಪಕ್ಕದ ತೋಟದವರು ಮೊನ್ನೆ ಕೇಳಿದರು: "ಔಷಧಿ ಆತು ಅಂದ್ರೆ ನಮ್ಮೂರಿಗೆ ಎಂತ ಬಂತು ತಂಗಿ?" ಕೇಳಬೇಕಾದ ಪ್ರಶ್ನೆ. ಇಲೊಯ್ಲೊ ಊರಿನ ಹೆಸರು ಐಲೊಸೋನ್ ಎಂಬ ಎರಿತ್ರೊಮೈಸಿನ್ ಮಾತ್ರೆಯ ಮೇಲೆ ಕೂತಿತು, ಅಷ್ಟೇ. ಈಗ ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಇದೆ. ಪೇಟೆಂಟ್ ಅಂತ ಹೊರಟರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಮೂಲಕ ಹೋಗಬೇಕು, ಲಾಭ ಬಂದರೆ ಪಾಲು ಹಂಚಬೇಕು, ಪಂಚಾಯ್ತಿ ಮಟ್ಟದಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು. ನಿಮ್ಮ ಪಂಚಾಯ್ತಿಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ವಿಚಾರಿಸಿ ಇಟ್ಟುಕೊಳ್ಳಿ ಅಂದೆ.

ಕೊನೆಗೆ, ನಮ್ಮ ತೋಟದ ಮಣ್ಣು ಕಳಿಸಲಾ ಅಂತ ಬರೆಯುವವರಿಗೆ. ಕಳಿಸಿ, ಆದರೆ ಮೊದಲು ಒಂದು ಮೇಲ್ ಹಾಕಿ. ಕಾಡಿನಿಂದ ನೀವಾಗಿಯೇ ಅಗೆದು ತರಬೇಡಿ, ಅದಕ್ಕೆ ಅನುಮತಿ ಬೇಕು. ಬೋರ್ಡೋ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆದು ಹೊಡೆದು ತಾಮ್ರ ಸೇರಿದ ಬುಡದ ಮಣ್ಣಾದರೂ ಆದೀತು, ಆದರೆ ಹಾಗಂತ ಚೀಟಿಯಲ್ಲಿ ಬರೆಯಿರಿ. ದಾಳಿಂಬೆಯವರು ಸ್ಟ್ರೆಪ್ಟೊಸೈಕ್ಲಿನ್ ಹೊಡೆದಿದ್ದರೆ ಅದನ್ನೂ ಬರೆಯಿರಿ. ಅದರಲ್ಲಿರುವುದು ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ನಮ್ಮ ಲೆಕ್ಕವೆಲ್ಲ ಅಡಿಮೇಲಾಗುತ್ತದೆ. ಒಂದು ಹಿಡಿ ಸಾಕು, ಕಾಗದದ ಚೀಲದಲ್ಲಿ. ಮಳೆಗಾಲದಲ್ಲಿ ಮಾತ್ರ ಬೇಡ, ಕೊರಿಯರ್ ಧಾರವಾಡ ಮುಟ್ಟುವುದರೊಳಗೆ ಬೂಷ್ಟು ಹಿಡಿದಿರುತ್ತದೆ.